ಬುದ್ಧಿಯುಳ್ಳ ಯಂತ್ರಗಳೂ ನಮ್ಮ ಬೀದಿಗಳೂ

ಎಲೆಕ್ಟ್ರಾನಿಕ್ ವಿದ್ಯೆಯು ನಮ್ಮ ಕುಷಾಯಿಗೂಡದ ನೆರೆಹೊರೆಗೆ ಹೊಸದೇನೂ ಅಲ್ಲ. ಭಾರತ ಸರಕಾರವು 1967ರಲ್ಲಿ ಸ್ಥಾಪಿಸಿದ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಇಲ್ಲಿಯೇ ಬೆಳೆಯಿತು. ದೇಶದಲ್ಲಿಯೇ ತಯಾರಾದ ಮೊದಮೊದಲ ಗಣಕಯಂತ್ರಗಳಲ್ಲಿ ಒಂದಾದ ಟಿ.ಡಿ.ಸಿ. 12 ಎಂಬುದನ್ನು ಅದು 1969ರಲ್ಲಿ ಹೊರತಂದಿತು. ನಾವು ದಿನವೂ ಬಸ್ಸಿಗಾಗಿ ಕಾಯುವ ಇ.ಸಿ.ಐ.ಎಲ್. ಚೌರಸ್ತಾಕ್ಕೆ ಹೆಸರು ಬಂದುದು ಆ ಕಾರ್ಖಾನೆಯಿಂದ, ಪಕ್ಕದ ಎ.ಎಸ್. ರಾವ್ ನಗರಕ್ಕೆ ಹೆಸರು ಬಂದುದು ಅದನ್ನು ಕಟ್ಟಿ ಬೆಳೆಸಿದ ವಿಜ್ಞಾನಿಯಿಂದ. ಹೀಗೆ ಯಂತ್ರಕ್ಕೆ ಲೆಕ್ಕ ಕಲಿಸಿದ ಊರಿನಲ್ಲಿ, ಶಾಲೆಯ ಹೊತ್ತಿಗೆ ರಸ್ತೆಯನ್ನು ದಾಟುವ ಬಾಲಕನು ಯಾವ ಯಂತ್ರವನ್ನೂ ನೆಚ್ಚುವುದಿಲ್ಲ. ಕೈಯನ್ನು ಅಡ್ಡ ಚಾಚಿ, ಎದುರು ಬರುವ ಮೋಟಾರು ಸೈಕಲ್ಲಿನವನ ಮುಖವನ್ನು ನೋಡುತ್ತ, ಓಡಿ ದಾಟುವನು.

ಈಚಿನ ವರ್ಷಗಳಲ್ಲಿ “ಬುದ್ಧಿಯುಳ್ಳ ಸಂಚಾರ ವ್ಯವಸ್ಥೆ” ಎಂಬ ಮಾತು ಪತ್ರಿಕೆಗಳಲ್ಲಿ ಬಹಳವಾಗಿ ಕೇಳಿಬರುತ್ತಿದೆ. ವಾಹನಗಳ ದಟ್ಟಣೆಯನ್ನು ತಾನೇ ಅಳೆದು ಹಸಿರು ದೀಪದ ಕಾಲವನ್ನು ಹಿಗ್ಗಿಸಿ ಕುಗ್ಗಿಸುವ ಸಿಗ್ನಲ್ಲು, ಓಡುವ ವಾಹನದ ಸಂಖ್ಯೆಯನ್ನು ಓದಿಕೊಳ್ಳುವ ಕ್ಯಾಮರಾ, ಇವೆಲ್ಲವನ್ನೂ ಒಂದೆಡೆ ಕುಳಿತು ನೋಡುವ ನಿಯಂತ್ರಣ ಕೇಂದ್ರ, ಇವೇ ಅದರ ಮುಖ್ಯ ಅಂಗಗಳು. ಹೈದರಾಬಾದಿನ ಬಂಜಾರಾ ಹಿಲ್ಸಿನಲ್ಲಿ ಅಂಥ ದೊಡ್ಡ ಕೇಂದ್ರವು 2022ರ ಆಗಸ್ಟಿನಲ್ಲಿ ಆರಂಭವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಪೊಲೀಸರು 50 ಕೂಡುರಸ್ತೆಗಳಲ್ಲಿ, ಸಂಖ್ಯೆಯನ್ನು ಓದುವ 250 ಕ್ಯಾಮರಾಗಳನ್ನೂ ಕೆಂಪು ದೀಪವನ್ನು ಮೀರುವವರನ್ನು ಹಿಡಿಯುವ 80 ಕ್ಯಾಮರಾಗಳನ್ನೂ ನಿಲ್ಲಿಸಿದರು. ಇವು ಬೇಡವೆನ್ನುವವನು ನಾನಲ್ಲ. ಆದರೆ ಇವುಗಳ ಬುದ್ಧಿಯನ್ನು ದಂಡ ಬರೆಯುವುದಕ್ಕೆ ಮೊದಲು ಬಳಸಿ, ಪ್ರಾಣ ಉಳಿಸುವುದಕ್ಕೆ ಆಮೇಲೆ ಬಳಸುತ್ತಿರುವೆವೆಂಬುದೇ ನನ್ನ ತಕರಾರು.

ಎಷ್ಟು ಪ್ರಾಣಗಳೆಂಬುದನ್ನು ಮೊದಲು ತಿಳಿಯೋಣ. ಕೇಂದ್ರ ಸಾರಿಗೆ ಮಂತ್ರಾಲಯದ ವರದಿಯಂತೆ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ದ್ವಿಚಕ್ರ ವಾಹನದ ಮೇಲಿದ್ದವರು 74,897. ಎಂದರೆ ನೂರಕ್ಕೆ ನಲವತ್ತನಾಲ್ಕಕ್ಕೂ ಮಿಕ್ಕು. ಹೆಲ್ಮೆಟ್ ಇಲ್ಲದೆ ಸತ್ತವರು 50,029. ಈ ಕೊನೆಯ ಸಂಖ್ಯೆಯೊಳಗೆ ಇನ್ನೊಂದು ಸಂಖ್ಯೆ ಅಡಗಿದೆ: ವಾಹನವನ್ನು ನಡೆಸದೆ ಸುಮ್ಮನೆ ಹಿಂದೆ ಕುಳಿತಿದ್ದವರು 14,337. ಇದನ್ನು 365ರಿಂದ ಭಾಗಿಸಿ ನೋಡಿರಿ. ದಿನಕ್ಕೆ 39 ಬರುವುದು. ಒಂದು ತರಗತಿಯ ಹಾಜರಿ ಪುಸ್ತಕದಲ್ಲಿ ಅಷ್ಟೇ ಹೆಸರುಗಳಿರುತ್ತವೆ. ಹಿಂದೆ ಕುಳಿತುಕೊಳ್ಳುವವರು ಯಾರೆಂದು ನಾನು ಹೇಳಬೇಕಾಗಿಲ್ಲ: ತಾಯಂದಿರು, ಅಕ್ಕತಂಗಿಯರು, ಶಾಲೆಗೆ ಹೊರಟ ನೀವು.

ಈಗ ಕ್ಯಾಮರಾದ ವಿಚಾರ. ಅದು ವಾಹನದ ಚಿತ್ರವನ್ನು ತೆಗೆಯುವುದು, ಫಲಕದ ಮೇಲಣ ಅಕ್ಷರಗಳನ್ನು ಬೇರ್ಪಡಿಸಿ ಓದುವುದು, ಸಾರಿಗೆ ಕಚೇರಿಯ ದಾಖಲೆಯೊಡನೆ ತಾಳೆ ನೋಡುವುದು. ವಾಹನದ ಒಡೆಯನಿಗೆ ಚಲಾನು ಹೋಗುವುದು. ಇದರಲ್ಲಿ ಪೊಲೀಸನ ದಾಕ್ಷಿಣ್ಯವಿಲ್ಲ, ಬೀದಿಯಲ್ಲಿ ನಿಲ್ಲಿಸಿ ವಾದಿಸುವ ಗದ್ದಲವಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನಗಳ ಕಾಯಿದೆಯು ಇಂಥ ಯಂತ್ರಗಳಿಗೆ ಮನ್ನಣೆ ಕೊಟ್ಟಿತು. 2021ರ ಆಗಸ್ಟಿನ ಕೇಂದ್ರ ನಿಯಮವು, ಕ್ಯಾಮರಾ ಇರುವ ಸ್ಥಳದಲ್ಲಿ ಮುನ್ನೆಚ್ಚರಿಕೆಯ ಫಲಕವಿರಬೇಕೆಂದೂ ತಪ್ಪು ನಡೆದ 15 ದಿನಗಳೊಳಗೆ ನೋಟೀಸು ಮುಟ್ಟಬೇಕೆಂದೂ ವಿಧಿಸಿತು. ಬಹು ಸಮಂಜಸವಾದ ನಿಯಮ. ಸೋಮವಾರ ಮಾಡಿದ ತಪ್ಪಿಗೆ ಆರು ತಿಂಗಳ ಮೇಲೆ ಶಿಕ್ಷೆ ಕೊಟ್ಟರೆ ಹುಡುಗನಿಗೆ ಶಿಕ್ಷೆ ನೆನಪಿರುವುದೇ ಹೊರತು ತಪ್ಪು ನೆನಪಿರುವುದಿಲ್ಲವೆಂಬುದನ್ನು ಉಪಾಧ್ಯಾಯರಾದ ನಾವು ಬಲ್ಲೆವು.

ಆದರೆ ನಡೆದುದೇನು? ಚಲಾನುಗಳು ಲಕ್ಷಗಟ್ಟಲೆ ಬರೆಯಲ್ಪಟ್ಟವು, ಜನರು ಕಟ್ಟಲಿಲ್ಲ, ಬಾಕಿ ಬೆಟ್ಟವಾಯಿತು. ಆಗ ರಿಯಾಯಿತಿ ಬಂದಿತು. 2022ರ ಮಾರ್ಚಿಯಲ್ಲಿ ತೆಲಂಗಾಣದ ಪೊಲೀಸರು ದ್ವಿಚಕ್ರ ವಾಹನದವರು ಬಾಕಿಯ ಕಾಲು ಭಾಗವನ್ನು ಕಟ್ಟಿದರೆ ಸಾಕೆಂದರು. 2023ರ ಡಿಸೆಂಬರಿನ ಕೊನೆಯಲ್ಲಿ ಮತ್ತೊಮ್ಮೆ, ಈ ಸಲ ನೂರಕ್ಕೆ 80ರಷ್ಟು ಮಾಫಿ. ನಮ್ಮ ಕರ್ನಾಟಕವೂ ಹಿಂದೆ ಬೀಳಲಿಲ್ಲ. 2023ರ ಫೆಬ್ರವರಿಯಲ್ಲಿ ಅರ್ಧಕ್ಕೆ ಇಳಿಸಿತು. ಬಟ್ಟೆಯ ಅಂಗಡಿಯಲ್ಲಿ ಆಷಾಢದ ರಿಯಾಯಿತಿ ಇರುವುದು ಕೇಳಿದ್ದೆವು, ತಪ್ಪಿಗೂ ಆಷಾಢ ಮಾಸವೊಂದುಂಟೆಂದು ತಿಳಿದುದು ಈಗ. ಕಾದರೆ ಅಗ್ಗವಾಗುವುದೆಂದು ಒಮ್ಮೆ ಅರಿತವನು ಮುಂದಿನ ಸಲ ಕಾಯದೆ ಇರುವನೆ? ಅಚ್ಚುಕಟ್ಟಾಗಿ ಹೊತ್ತಿಗೆ ಸರಿಯಾಗಿ ದಂಡ ಕಟ್ಟಿದವನೇ ಇಲ್ಲಿ ಪೆದ್ದನಾದನು. ದಂಡವು ಸಣ್ಣದಾಗಿರಲಿ; ಆದರೆ ಬೇಗನೆ ಬರಲಿ, ಪೂರ್ತಿಯಾಗಿ ಬರಲಿ, ಯಾರಿಗೂ ಇಳಿಯದಿರಲಿ. ಕೋಟಿ ರೂಪಾಯಿಯ ಯಂತ್ರವನ್ನು ಕೊಂಡು ಅದರ ಮಾತಿಗೆ ನಾವೇ ಬೆಲೆ ಕೊಡದಿದ್ದರೆ ಅದು ದುಬಾರಿಯಾದ ಬೆದರುಬೊಂಬೆಯಾಗುವುದು.

ತಿಳಿವಳಿಕೆಗೂ ಕಾನೂನಿಗೂ ನಡುವೆ ಎಷ್ಟು ವರ್ಷಗಳು ಜಾರಿಹೋಗುವುವೆಂಬುದಕ್ಕೆ ಒಂದು ಕಥೆಯುಂಟು. ಮೊದಲನೆಯ ಮಹಾಯುದ್ಧದಲ್ಲಿ ಹೆಸರಾಂತ “ಅರೇಬಿಯಾದ ಲಾರೆನ್ಸ್” ಎಂಬ ಆಂಗ್ಲನು 1935ರ ಮೇ 13ರಂದು ಮೋಟಾರು ಸೈಕಲ್ಲಿನ ಮೇಲೆ ಹೋಗುತ್ತಿದ್ದಾಗ, ಮುಂದೆ ಸೈಕಲ್ಲುಗಳ ಮೇಲೆ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಹೋಗಿ ಬಿದ್ದನು. ತಲೆಗೆ ಪೆಟ್ಟಾಗಿ ಆರು ದಿನಗಳ ಮೇಲೆ ತೀರಿಕೊಂಡನು. ಅವನನ್ನು ಪರೀಕ್ಷಿಸಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ಮಿದುಳಿನ ಶಸ್ತ್ರವೈದ್ಯನೊಬ್ಬನಿದ್ದನು. ಆ ಸಾವು ಅವನ ಮನಸ್ಸಿನಿಂದ ಹೋಗಲಿಲ್ಲ. ಮೋಟಾರು ಸೈಕಲ್ಲಿನಿಂದ ಬಿದ್ದವರ ತಲೆಯ ಗಾಯಗಳನ್ನು ಅವನು ಅಭ್ಯಸಿಸಿ, ಶಿರಸ್ತ್ರಾಣವು ಹೇಗೆ ಪ್ರಾಣವನ್ನು ಕಾಯುವುದೆಂದು 1941ರಲ್ಲಿ ಲೇಖನ ಪ್ರಕಟಿಸಿದನು. ಬ್ರಿಟಿಷ್ ಸೈನ್ಯವು ತನ್ನ ಸವಾರರಿಗೆ ಅದನ್ನು ಅದೇ ವರ್ಷ ಕಡ್ಡಾಯ ಮಾಡಿತು. ಸಾಮಾನ್ಯ ಜನರಿಗೆ ಕಡ್ಡಾಯವಾದುದು 1973ರಲ್ಲಿ! ಮೂವತ್ತೆರಡು ವರ್ಷ. ನಾವು ನಗಬೇಕಾಗಿಲ್ಲ: ನಮ್ಮಲ್ಲಿ 1988ರ ಕಾಯಿದೆಯಲ್ಲಿಯೇ ಹೆಲ್ಮೆಟ್ಟಿನ ವಿಧಿಯಿದ್ದರೂ, ಹಿಂದೆ ಕುಳಿತವರೂ ಅದನ್ನು ಧರಿಸತಕ್ಕದ್ದೆಂದು ಕರ್ನಾಟಕವು ಗಟ್ಟಿಯಾಗಿ ಹೇಳಿದುದು 2016ರ ಜನವರಿಯಲ್ಲಿ. ವಿಯೆಟ್ನಾಂ ದೇಶವಾದರೋ 2007ರ ಡಿಸೆಂಬರ್ 15ರಂದು ಎಲ್ಲ ರಸ್ತೆಗಳಲ್ಲಿಯೂ ಕಡ್ಡಾಯ ಮಾಡಿತು. ಸವಾರರಲ್ಲಿ ಬಹುತೇಕ ಎಲ್ಲರೂ ಕೆಲವೇ ದಿನಗಳಲ್ಲಿ ಧರಿಸತೊಡಗಿದರು. ಅವರದೂ ಮೋಟಾರು ಸೈಕಲ್ಲುಗಳಿಂದ ತುಂಬಿದ, ಬಡವರು ಹೆಚ್ಚಾಗಿದ್ದ ದೇಶವೇ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ವೈದ್ಯಕೀಯ ಪರಿಶೀಲನೆಯೊಂದು, ಹೆಲ್ಮೆಟ್ಟು ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟೂ ತಲೆಯ ಗಾಯದ ಅಪಾಯವನ್ನು 69ರಷ್ಟೂ ತಗ್ಗಿಸುವುದೆಂದು ಕಂಡುಕೊಂಡಿದೆ. ಇದಕ್ಕೆ ವಿದ್ಯುತ್ತು ಬೇಡ, ಗಣಕಯಂತ್ರ ಬೇಡ, ಐ.ಎಸ್.ಐ. ಗುರುತು ಮಾತ್ರ ಇರಬೇಕು, ಗದ್ದದ ಪಟ್ಟಿಯನ್ನು ಬಿಗಿಯಬೇಕು.

ಯಂತ್ರದ ಬುದ್ಧಿ ನಿಜವಾಗಿ ಬೇಕಾಗಿರುವುದು ಕಂಬದ ಮೇಲಲ್ಲ, ಚಕ್ರದಲ್ಲಿ. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಹನ್ನೊಂದು ಮೀಟರು. ಅಪಾಯವನ್ನು ಕಂಡು ಬ್ರೇಕನ್ನು ಒತ್ತುವುದರೊಳಗೆ ಒಂದು ಸೆಕೆಂಡು ಕಳೆಯಿತೆಂದರೆ, ಬ್ರೇಕು ಹಿಡಿಯುವ ಮೊದಲೇ ನಮ್ಮ ತರಗತಿಯ ಕೋಣೆಗಿಂತ ಹೆಚ್ಚು ದೂರ ಸಾಗಿದಂತಾಯಿತು. ವೇಗವನ್ನು 60ಕ್ಕೆ ಏರಿಸಿದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವು ಒಂದೂವರೆ ಪಟ್ಟಲ್ಲ, ಎರಡು ಪಟ್ಟಿಗೂ ಮಿಕ್ಕುವುದು. ಏಕೆಂದರೆ ಅದು ವೇಗದ ವರ್ಗದಂತೆ ಬೆಳೆಯುವುದು. ಗಾಬರಿಯಿಂದ ಬ್ರೇಕನ್ನು ಬಲವಾಗಿ ಒತ್ತಿದಾಗ ಚಕ್ರವು ತಿರುಗುವುದನ್ನು ನಿಲ್ಲಿಸಿ ಜಾರತೊಡಗುವುದು. ಜಾರುವ ಚಕ್ರಕ್ಕೆ ಹಿಡಿತವಿಲ್ಲ. ಮರಳಿನ ಮೇಲೆ ಸೈಕಲ್ಲು ತುಳಿದ ಯಾರಿಗೂ ಇದು ಗೊತ್ತು. ಚೆರ್ಲಪಲ್ಲಿಯ ಕಡೆ ಹೋಗುವ ಲಾರಿಗಳು ಉದುರಿಸಿದ ಜಲ್ಲಿಯ ಮೇಲೆ ಮೊದಲ ಮಳೆ ಬಿದ್ದಾಗ ಅದು ಇನ್ನೂ ಚೆನ್ನಾಗಿ ತಿಳಿಯುವುದು. ಎ.ಬಿ.ಎಸ್. ಎಂಬ ಏರ್ಪಾಡು ಚಕ್ರದ ತಿರುಗುವಿಕೆಯನ್ನು ಸದಾ ಅಳೆಯುತ್ತಿದ್ದು, ಅದು ನಿಲ್ಲುವುದರೊಳಗೆ ಬ್ರೇಕಿನ ಒತ್ತಡವನ್ನು ಸೆಕೆಂಡಿಗೆ ಹಲವು ಬಾರಿ ಬಿಟ್ಟು ಹಿಡಿದು ಮಾಡುವುದು. ಸವಾರನ ಕೈ ಮಾಡಲಾರದ ಕೆಲಸವಿದು.

125 ಸಿ.ಸಿ.ಗಿಂತ ದೊಡ್ಡ ಹೊಸ ಮೋಟಾರು ಸೈಕಲ್ಲುಗಳಿಗೆಲ್ಲ ಇದು 2019ರ ಏಪ್ರಿಲಿನಿಂದ ಕಡ್ಡಾಯವಾಯಿತು. ಚಿಕ್ಕ ವಾಹನಗಳಿಗೆ ಎರಡು ಚಕ್ರಗಳ ಬ್ರೇಕೂ ಕೂಡಿಯೇ ಹಿಡಿಯುವ ಸರಳ ಏರ್ಪಾಡೊಂದು ಸಾಕೆನ್ನಲಾಯಿತು. ಚಿಕ್ಕ ವಾಹನವನ್ನು ಕೊಳ್ಳುವವರು ಯಾರು? ಕಾರ್ಖಾನೆಯ ಪಾಳಿಗೆ ಹೋಗುವವರು, ಕಲಬುರಗಿ ರಾಯಚೂರುಗಳಿಂದ ಹೊಟ್ಟೆಪಾಡಿಗಾಗಿ ಇಲ್ಲಿಗೆ ಬಂದ ನಮ್ಮವರು. ಹೆಚ್ಚು ಬೆಲೆ ಕೊಟ್ಟವನ ಪ್ರಾಣವನ್ನು ಮೊದಲು ಕಾಯೋಣವೆಂದಂತಾಯಿತು. ಎಲ್ಲ ಹೊಸ ದ್ವಿಚಕ್ರ ವಾಹನಗಳಿಗೂ ಎ.ಬಿ.ಎಸ್. ಇರಬೇಕೆಂಬ ಕರಡು ನಿಯಮವನ್ನು ಕೇಂದ್ರ ಸರಕಾರವು 2025ರ ಜೂನಿನಲ್ಲಿ ಪ್ರಕಟಿಸಿತು. ಬೆಲೆ ಏರುವುದೆಂದು ಇದನ್ನು ಆಕ್ಷೇಪಿಸುವವರುಂಟು. ಅವರ ಮಾತು ಸುಳ್ಳಲ್ಲ. ಆದರೆ ಒಂದು ಆಸ್ಪತ್ರೆಯ ಬಿಲ್ಲು ಎಷ್ಟಾಗುವುದೆಂಬುದನ್ನೂ ಅವರು ಲೆಕ್ಕದಲ್ಲಿ ಸೇರಿಸತಕ್ಕದ್ದು.

ಯಂತ್ರಕ್ಕೆ ನಮ್ಮ ಬೀದಿಯ ಪರಿಚಯವನ್ನೂ ಮಾಡಿಸಬೇಕು. ಜರ್ಮನಿಯ ಊರುಗಳ ಚಿತ್ರಗಳನ್ನು ನೋಡಿ ಕಲಿತ ಯಂತ್ರವು ಆಟೋರಿಕ್ಷಾವನ್ನು ಕಂಡು ಏನೆಂದುಕೊಳ್ಳಬೇಕು? ಈ ತೊಡಕನ್ನರಿತು ಹೈದರಾಬಾದಿನ ಅಂತರರಾಷ್ಟ್ರೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯವರು ನಮ್ಮ ನಗರ ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ತೆಗೆದ ಹತ್ತು ಸಾವಿರ ಚಿತ್ರಗಳ ಸಂಗ್ರಹವೊಂದನ್ನು 2018ರಲ್ಲಿ ಪ್ರಕಟಿಸಿದರು. ಆಟೋ, ದನ, ಸವಾರ, ಮಣ್ಣಿನ ಅಂಚು ಎಲ್ಲಕ್ಕೂ ಅದರಲ್ಲಿ ಗುರುತು ಹಚ್ಚಲಾಗಿದೆ. ಮದರಾಸಿನ ಐ.ಐ.ಟಿ.ಯವರು ಸಿದ್ಧಪಡಿಸಿದ ಅಪಘಾತಗಳ ದಾಖಲೆಯ ವ್ಯವಸ್ಥೆಯು ಇನ್ನೂ ಉಪಯುಕ್ತವಾದುದು. ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಅದನ್ನು ಮೊದಲು ಬಳಕೆಗೆ ತಂದರು. ಅಪಘಾತವಾದ ಜಾಗವನ್ನು ಪೊಲೀಸನು ಅಲ್ಲಿಯೇ ನಿಂತು ಮೊಬೈಲಿನಲ್ಲಿ ದಾಖಲಿಸುವನು. ಒಂದೇ ತಿರುವಿನಲ್ಲಿ ಮೂವರು ಸತ್ತರೆ ಮೂವರನ್ನೂ ಬೈದು ಸುಮ್ಮನಾಗುವ ಬದಲು, ಆ ತಿರುವನ್ನು ಸಂಶಯದಿಂದ ನೋಡಲು ಇದರಿಂದ ಸಾಧ್ಯ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 2023ರ ಆಗಸ್ಟ್ 1ರಿಂದ ಮೋಟಾರು ಸೈಕಲ್ಲುಗಳನ್ನು ಮುಖ್ಯ ಪಥದಿಂದ ದೂರವಿಟ್ಟರು. ವೇಗದ ಮಿತಿಯನ್ನು ಕಾಯಲು ಕ್ಯಾಮರಾಗಳನ್ನೂ ಹಾಕಿದರು. 2024ರಲ್ಲಿ ಸಾವುಗಳು ಗಣನೀಯವಾಗಿ ಇಳಿದುವೆಂದು ಪೊಲೀಸರು ಹೇಳಿದ್ದಾರೆ. ಈ ಕೀರ್ತಿಯನ್ನು ಕ್ಯಾಮರಾ ಒಂದಕ್ಕೇ ಕಟ್ಟಲಾಗದು. ಬೇಗ ಹೋಗುವವರನ್ನೂ ನಿಧಾನವಾಗಿ ಹೋಗುವವರನ್ನೂ ಬೇರ್ಪಡಿಸಿದ ವಿವೇಕಕ್ಕೂ ಅದರಲ್ಲಿ ಪಾಲುಂಟು.

ವಿದ್ಯಾರ್ಥಿಗಳೇ, ನಿಮಗೆ ಸಂಬಂಧಿಸಿದ ವಿಧಿಗಳು ಎರಡುಂಟು. ಸವಾರನ ಹಿಂದೆ ಒಬ್ಬರಿಗಿಂತ ಹೆಚ್ಚು ಜನರು ಕೂರುವಂತಿಲ್ಲ; ನಾಲ್ಕು ವರ್ಷ ಮೀರಿದ ಪ್ರತಿಯೊಬ್ಬರೂ ಹೆಲ್ಮೆಟ್ಟನ್ನು ಧರಿಸತಕ್ಕದ್ದು. ಇನ್ನು ವಯಸ್ಸಾಗದ ಹುಡುಗನು ಸ್ಕೂಟರನ್ನು ನಡೆಸಿ ಅಪರಾಧವಾದರೆ, ಅವನ ಪೋಷಕನಿಗೆ ಅಥವಾ ವಾಹನದ ಒಡೆಯನಿಗೆ ಮೂರು ವರ್ಷಗಳವರೆಗೆ ಸೆರೆಮನೆಯೂ ರೂ. 25,000 ದಂಡವೂ ಆಗಬಹುದು; ವಾಹನದ ನೋಂದಣಿ ಹನ್ನೆರಡು ತಿಂಗಳು ರದ್ದಾಗುವುದು; ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸು ಸಿಕ್ಕದು. ಒಂಬತ್ತನೆಯ ತರಗತಿಯ ಹುಡುಗನ ಹತ್ತು ನಿಮಿಷದ ಉತ್ಸಾಹಕ್ಕೆ ತಂದೆಯ ಸಂಬಳವೂ ವಾಹನವೂ ಒಟ್ಟಿಗೆ ಹೋಗುವುವು.

ಇಷ್ಟನ್ನು ಹೇಳಿ ತಂದೆಯರನ್ನು ದೂರುವುದು ನನಗೆ ಸರಿತೋರದು. ಮನೆಯಲ್ಲಿ ಇರುವುದು ಒಂದೇ ಮೋಟಾರು ಸೈಕಲ್ಲು, ಶಾಲೆಗೆ ಬಿಡಬೇಕಾದವರು ಇಬ್ಬರು ಮಕ್ಕಳು, ಪಾಳಿಗೆ ಸೈರನ್ ಕೂಗುವುದರೊಳಗೆ ಮುಟ್ಟಬೇಕು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲ. ಅಂಥವನು ಇಬ್ಬರನ್ನೂ ಕೂರಿಸಿಕೊಂಡು ಹೋದರೆ ಕ್ಯಾಮರಾ ಒಂದು ಚಿತ್ರ ತೆಗೆಯುವುದು. ಆ ಚಿತ್ರದಲ್ಲಿ ಬಾರದಿದ್ದ ಬಸ್ಸು ಕಾಣುವುದಿಲ್ಲ. ಶಾಲೆಯ ಹೊತ್ತಿಗೆ ಇನ್ನೆರಡು ಬಸ್ಸುಗಳನ್ನು ಬಿಡುವುದೂ ರಸ್ತೆಯ ಸುರಕ್ಷತೆಯ ಕೆಲಸವೇ. ಪಾದಚಾರಿಗೆ ಹಸಿರು ದೀಪವನ್ನು ಹತ್ತು ಸೆಕೆಂಡು ಹೆಚ್ಚಿಸುವುದೂ ಅದೇ. ದಟ್ಟಣೆಯನ್ನು ಅಳೆಯಬಲ್ಲ ಸಿಗ್ನಲ್ಲಿಗೆ ನಡೆದು ಹೋಗುವ ಮಕ್ಕಳನ್ನು ಎಣಿಸುವುದನ್ನು ಕಲಿಸುವುದು ಕಷ್ಟವೇನೂ ಅಲ್ಲ. ಎಣಿಸಬೇಕೆಂದು ಯಾರಾದರೂ ಕೇಳಬೇಕಷ್ಟೆ.

ಆದುದರಿಂದ ನನ್ನದೊಂದು ಸಲಹೆ. ಬರುವ ಜೂನಿನಲ್ಲಿ ಶಾಲೆ ತೆರೆದ ಮೇಲೆ ಒಂಬತ್ತು ಮತ್ತು ಹತ್ತನೆಯ ತರಗತಿಯವರು ಒಂದು ವಾರ, ದಿನಕ್ಕೆ ಅರ್ಧ ಗಂಟೆ, ಶಾಲೆಯ ಗೇಟಿನ ಒಳಗೆ ನಿಂತು ಎಣಿಸಲಿ: ಎಷ್ಟು ಮೋಟಾರು ಸೈಕಲ್ಲುಗಳು, ಹಿಂದೆ ಕುಳಿತವರಲ್ಲಿ ಹೆಲ್ಮೆಟ್ ಇದ್ದವರೆಷ್ಟು, ಮೂವರು ಕುಳಿತವೆಷ್ಟು, ಎದುರು ದಿಕ್ಕಿನಿಂದ ಬಂದವೆಷ್ಟು, ರಸ್ತೆ ದಾಟಲು ಕಾದ ಮಕ್ಕಳೆಷ್ಟು. ಯಾರ ಸಂಖ್ಯೆಯನ್ನೂ ಹೆಸರನ್ನೂ ಬರೆಯಬೇಕಾಗಿಲ್ಲ. ಗಣಿತದ ಉಪಾಧ್ಯಾಯರು ಕೋಷ್ಟಕವನ್ನು ಹಾಕಿಸಿಕೊಡುವರು. ನಾನು ಕನ್ನಡದಲ್ಲಿ ಅರ್ಜಿಯನ್ನು ಬರೆಸುವೆನು. ತೆಲುಗಿನ ಪ್ರತಿಯನ್ನು ನಿಮ್ಮಲ್ಲಿಯೇ ಚೆನ್ನಾಗಿ ಬರೆಯಬಲ್ಲವರಿದ್ದಾರೆ. ಒಂದು ಪ್ರತಿ ಸಂಚಾರ ಪೊಲೀಸರಿಗೆ, ಒಂದು ನಗರಪಾಲಿಕೆಗೆ, ಒಂದು ಕುಷಾಯಿಗೂಡದ ಬಸ್ ಡಿಪೋದ ಮ್ಯಾನೇಜರರಿಗೆ.