ಕಂಧಮಾಲಿನ ಮಕ್ಕಳು ಯಾರ ಮಕ್ಕಳು?



ನಮ್ಮ ಹಾಸ್ಟೆಲುಗಳಲ್ಲಿ ಒಂದು ಮಾತು ಓಡಾಡ್ತಾ ಇದೆ. "ಕ್ರೈಸ್ತರಾದವರು ನಮ್ಮನ್ನ ಬಿಟ್ಟು ಹೋದವರು. ಅವರ ಮಕ್ಕಳಿಗೆ ಏಟು ಬಿದ್ದರೆ ಅವರ ಪಾದ್ರಿ ನೋಡ್ಕೋತಾನೆ, ನಮಗ್ಯಾಕೆ ಉಸಾಬರಿ?" ಹೀಗನ್ನುವವರು ಅಗ್ರಹಾರದಿಂದ ಬಂದವರಲ್ಲ. ನಮ್ಮ ಜೊತೆ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವ ಹುಡುಗರೇ. ಅವರ ಜೊತೆಗೇ ನಮ್ಮ ಜಗಳ.

ಒಡಿಶಾದ ಕಂಧಮಾಲ್ ಅರಿಶಿನ ಬೆಳೆಯುವ ಬೆಟ್ಟಗಾಡು. 2008ರ ಆಗಸ್ಟ್ 23ರ ರಾತ್ರಿ ಅಲ್ಲಿ ಲಕ್ಷ್ಮಣಾನಂದ ಸರಸ್ವತಿ ಎಂಬ ಸ್ವಾಮಿಯನ್ನೂ ಜೊತೆಗಿದ್ದ ನಾಲ್ವರನ್ನೂ ಕೊಂದರು. ಕೊಲೆ ಕೊಲೆಯೇ, ನಾವದನ್ನು ಒಪ್ಪುವವರಲ್ಲ. ಕೊಂದದ್ದು ನಾವು ಅಂತ ಮಾವೋವಾದಿಗಳೇ ಹೇಳಿಕೊಂಡರು. ಆದರೆ ಬೆಂಕಿ ಬಿದ್ದದ್ದು ಯಾರ ಗುಡಿಸಲಿಗೆ? ಪಾಣರ ಗುಡಿಸಲಿಗೆ. ಪಾಣರು ಅಂದರೆ ಅಲ್ಲಿನ ಹೊಲೆಮಾದಿಗರು, ಅವರಲ್ಲಿ ಬಹಳ ಜನ ಕ್ರೈಸ್ತರು. ಕ್ರೈಸ್ತರಾದ ಕಂಧ ಆದಿವಾಸಿಗಳನ್ನೂ ಬಿಡಲಿಲ್ಲ. ಸರ್ಕಾರದ ಲೆಕ್ಕದಲ್ಲೇ ಸತ್ತವರು 30ಕ್ಕೂ ಹೆಚ್ಚು. ಮನೆ ಬಿಟ್ಟು ಓಡಿದವರು ಸುಮಾರು 50,000. ಮಳೆಗಾಲದ ಕಾಡಿನಲ್ಲಿ ಕೂಸುಗಳನ್ನ ಎದೆಗವಚಿಕೊಂಡು ರಾತ್ರಿ ಕಳೆದರು, ಆಮೇಲೆ ಪರಿಹಾರ ಶಿಬಿರದ ಡೇರೆ ಸೇರಿದರು. ಊರಿಗೆ ವಾಪಸು ಬರೋದಾದರೆ ಹಿಂದೂ ಆಗಿ ಬನ್ನಿ ಅಂತ ಅವರಿಗೆ ಷರತ್ತು ಹಾಕಿದರು. ಮಕ್ಕಳ ಶಾಲೆ, ಪುಸ್ತಕ, ಪರೀಕ್ಷೆ? ಅದನ್ನ ಕೇಳೋರು ಯಾರು.

ಆ ಮಕ್ಕಳು ಮಾಡಿದ ತಪ್ಪೇನು? ಅವ್ವನ ಪಕ್ಕ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದು. ಅದೇ ಒಡಿಶಾದ ಮನೋಹರಪುರದಲ್ಲಿ 1999ರ ಜನವರಿಯಲ್ಲಿ, ಕುಷ್ಠರೋಗಿಗಳ ಸೇವೆ ಮಾಡುತ್ತಿದ್ದ ಗ್ರಹಾಂ ಸ್ಟೇನ್ಸ್ ಅವರನ್ನ ಜೀಪಿನಲ್ಲಿ ಮಲಗಿದ್ದ ಹಾಗೇ ಸುಟ್ಟರು. ಜೊತೆಗೆ ಇಬ್ಬರು ಗಂಡು ಮಕ್ಕಳು. ಒಬ್ಬನಿಗೆ 10 ವರ್ಷ, ಇನ್ನೊಬ್ಬನಿಗೆ 6. ಆ ಆರು ವರ್ಷದವನು ಯಾರನ್ನು ಮತಾಂತರ ಮಾಡಿದ್ದನಪ್ಪ?

ಕಂಧಮಾಲಿನ ನ್ಯಾಯದ ಕಥೆ ಕೇಳಿ. 827 ಕೇಸು ದಾಖಲಾದವು. ಅದರಲ್ಲಿ 315ನ್ನ ಪೊಲೀಸರು ಹಾಗೇ ಮುಚ್ಚಿದರು. ವಿಚಾರಣೆ ಮುಗಿದ 362ರಲ್ಲಿ ಶಿಕ್ಷೆಯಾದದ್ದು ಬರೀ 78ರಲ್ಲಿ. 2016ರಲ್ಲಿ ಸುಪ್ರೀಂ ಕೋರ್ಟೇ ಇದನ್ನ ನೋಡಿ, ಮುಚ್ಚಿದ ಕೇಸುಗಳನ್ನ ಮತ್ತೆ ಪರಿಶೀಲಿಸಿ ಅಂತ ಹೇಳಬೇಕಾಯಿತು.

ಒಡಿಶಾದ 1967ರ ಮತಾಂತರ ಕಾಯ್ದೆಯನ್ನೂ ನೋಡಿ. ಬಲವಂತದ ಮತಾಂತರಕ್ಕೆ ಒಂದು ವರ್ಷ ಜೈಲು. ಅದೇ ಚಿಕ್ಕ ಮಕ್ಕಳು, ಹೆಂಗಸರು, ಪರಿಶಿಷ್ಟ ಜಾತಿ, ಪಂಗಡದವರ ವಿಷಯವಾದರೆ ಎರಡು ವರ್ಷ. ಅಂದರೆ ನಮ್ಮ ಅಪ್ಪ ಅರವತ್ತು ವರ್ಷದವನಾದರೂ ಕಾನೂನಿನ ಕಣ್ಣಲ್ಲಿ ಎಳೆ ಮಗು. ಅವನಿಗೆ ದೇವರನ್ನ ಆರಿಸಿಕೊಳ್ಳುವ ಬುದ್ಧಿ ಇಲ್ಲ!

ಈಗ ಪಟ್ಟಿಯ ವಿಷಯ. 1950ರ ರಾಷ್ಟ್ರಪತಿ ಆದೇಶ, ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತು. 1956ರಲ್ಲಿ ಸಿಖ್ಖರನ್ನ ಸೇರಿಸಿದರು, 1990ರಲ್ಲಿ ಬೌದ್ಧರನ್ನ. ಕ್ರೈಸ್ತ, ಮುಸ್ಲಿಂ ದಲಿತರು ಇವತ್ತಿಗೂ ಹೊರಗೆ. 2007ರಲ್ಲಿ ರಂಗನಾಥ ಮಿಶ್ರ ಆಯೋಗ ಈ ಗೋಡೆ ಒಡೆಯಿರಿ ಅಂದಿತು, ಒಡೆಯಲಿಲ್ಲ. 2025ರಲ್ಲಿ ಆಂಧ್ರ ಹೈಕೋರ್ಟು, ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಹೊಡೆಯೋನು ಹೊಲೇರವನು ಅಂತಲೇ ಹೊಡೀತಾನೆ. ಠಾಣೆಗೆ ಹೋದರೆ ನೀನು ಹೊಲೇರವನಲ್ಲ ಅಂತಾರೆ.

"ಬಿಟ್ಟು ಹೋದವರು" ಅನ್ನೋ ಗೆಳೆಯರನ್ನ ಒಂದು ಕೇಳ್ತೀವಿ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಲಕ್ಷಾಂತರ ಜನ ಬೌದ್ಧರಾದರಲ್ಲ, ಅವರೂ ಬಿಟ್ಟು ಹೋದವರೇನು? 34 ವರ್ಷ ಅವರ ಮಕ್ಕಳನ್ನೂ ಇದೇ ಆದೇಶ ಬಾಗಿಲ ಹೊರಗೆ ನಿಲ್ಲಿಸಿತ್ತು. ಗೋಡೆಯಲ್ಲಿ ಬಾಬಾಸಾಹೇಬರ ಪಟ, ಬಾಯಲ್ಲಿ ಮನುವಾದಿಗಳ ಮಾತು, ಇದು ನಡೆಯೋಲ್ಲ.

ಚರ್ಚಿಗೇನೂ ನಾವು ಭಜನೆ ಮಾಡೋಲ್ಲ. ತಿರುಚಿರಾಪಳ್ಳಿಯಲ್ಲಿ ಕ್ರೈಸ್ತರ ಸ್ಮಶಾನದೊಳಗೇ ಗೋಡೆ ಕಟ್ಟಿ ದಲಿತರ ಹೆಣಗಳನ್ನ ಬೇರೆ ಮಾಡಿದರು. ಅಳುವ ಮಗುವಿನ ಫೋಟೋ ತೋರಿಸಿ ಹಣ ಎತ್ತುವವರೂ ಇದ್ದಾರೆ. ಅವರನ್ನೂ ಬೈಯ್ಯೋಣ, ಆದರೆ ಅವರ ಮೇಲಿನ ಸಿಟ್ಟು ಆ ಮಗುವಿನ ಮೇಲೆ ಯಾಕೆ?

ಕನಿಕರದ ಕಾಸು ಬೇಡ. ನಿಮ್ಮ ಊರಿನ ಯಾವ ಕ್ರೈಸ್ತ ದಲಿತ ಹುಡುಗಿ ಏಟಿಗೆ, ಹೀಯಾಳಿಕೆಗೆ ಹೆದರಿ ಶಾಲೆ ಬಿಟ್ಟಿದ್ದಾಳೆ ವಿಚಾರಿಸಿ, ಜೊತೆಗೆ ನಡೆದು ಶಾಲೆಗೆ ಬಿಟ್ಟು ಬನ್ನಿ. ಪ್ರಾರ್ಥನೆ ಮನೆಗೆ ಕಲ್ಲು ಬಿದ್ದರೆ ದೂರಿಗೆ ಸಾಕ್ಷಿಯಾಗಿ, ಎಫ್‌ಐಆರ್ ಪ್ರತಿ ಕೇಳಿ ಇಸ್ಕೊಳ್ಳಿ. ಇನ್ನೊಂದು, ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿದ್ದಾರೆ, ಎಷ್ಟೋ ಮನೆಗೆ ಇದು ಗೊತ್ತೇ ಇಲ್ಲ. ನಾಡಕಚೇರಿಗೆ ಅವರ ಜೊತೆ ಹೋಗಿ ಅರ್ಜಿ ಬರೆದುಕೊಡಿ. ವಿದ್ಯಾರ್ಥಿವೇತನದ ಕೊನೆ ತಾರೀಖು ದಾಟೋ ಮೊದಲು ಹೋಗಿ.