ಹಲ್ಮಿಡಿ ಅಂತ ಬರೆದ್ರೆ ಮಾತ್ರ ಮಾರ್ಕು

ಉಳವಿ ಅಂದ ಕೂಡಲೇ ಎಲ್ಲರೂ "ಓ, ಚನ್ನಬಸವಣ್ಣನವರ ಉಳವಿನಾ?" ಅಂತಾರೆ. ಅಲ್ಲ ಸ್ವಾಮೀ, ಅದು ಉತ್ತರ ಕನ್ನಡದ ಜೊಯಿಡಾ ತಾಲ್ಲೂಕಿನದು. ನಾನು ಹೇಳ್ತಿರೋದು ಶಿವಮೊಗ್ಗ ಜಿಲ್ಲೆ, ಸೊರಬ ತಾಲ್ಲೂಕಿನ ಉಳವಿ. ನಮ್ಮೂರು.

ಮೊನ್ನೆ ಊರಿಗೆ ಹೋದಾಗ ಅಣ್ಣನ ಮಗಳು ಮುಖ ಊದಿಸಿಕೊಂಡು ಜಗಲಿ ಮೇಲೆ ಕೂತಿದ್ದಳು. ಎಂಟನೇ ಕ್ಲಾಸು. ಜಿಕೆ ಟೆಸ್ಟಿನಲ್ಲಿ "ಕನ್ನಡದ ಮೊದಲ ಶಾಸನ ಯಾವುದು?" ಅಂತ ಕೇಳಿದ್ದರಂತೆ. ಇವಳು "ತಾಳಗುಂದ" ಅಂತ ಬರೆದಿದ್ದಾಳೆ. ಕೆಂಪು ಇಂಕಿನಲ್ಲಿ ಅಡ್ಡಗೀಟು, ಪಕ್ಕದಲ್ಲಿ "ಹಲ್ಮಿಡಿ, 450".

"ಚಿಕ್ಕಪ್ಪಾ, ನೀನು ಹೇಳಿದ್ದೇ ತಪ್ಪು."

ಹೌದು, ಕಳೆದ ರಜೆಯಲ್ಲಿ ಹೇಳಿಕೊಟ್ಟವನು ನಾನೇ. ಸಿಟ್ಟು ನೆತ್ತಿಗೇರಿತು. ಆಮೇಲೆ ತಣ್ಣಗೆ ಕೂತು ಯೋಚಿಸಿದೆ. ಆ ಯೋಚನೆಯೇ ಈ ಪೋಸ್ಟು.

ಮೊದಲು ವಿಷಯ. ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಕಲ್ಲನ್ನು 1936ರಲ್ಲಿ ಬೆಳಕಿಗೆ ತಂದವರು ಎಂ.ಎಚ್. ಕೃಷ್ಣ. ಆ ಕಲ್ಲಿನ ಮೇಲೆ ಇಸವಿ ಇಲ್ಲ! ಅಕ್ಷರದ ರೂಪ, ಭಾಷೆ, ಅದರಲ್ಲಿ ಬರುವ ಕದಂಬ ದೊರೆ ಕಾಕುಸ್ಥನ ಹೆಸರು, ಇವನ್ನೆಲ್ಲ ಇಟ್ಟುಕೊಂಡು ವಿದ್ವಾಂಸರು "ಸುಮಾರು 450" ಅಂದರು. ಜಿಕೆ ಪುಸ್ತಕ ಆ "ಸುಮಾರು" ಅನ್ನೋದನ್ನ ನುಂಗಿಬಿಟ್ಟಿತು. ಈಗ ನಮ್ಮ ಮಕ್ಕಳು 450 ಅನ್ನೋದನ್ನ ಗಾಂಧೀಜಿ ಹುಟ್ಟಿದ ದಿನದ ಹಾಗೆ ಒಪ್ಪಿಸ್ತಾರೆ.

2013ರಲ್ಲಿ ನಮ್ಮ ಪಕ್ಕದ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಹತ್ತಿರ ಪುರಾತತ್ವ ಇಲಾಖೆಯವರು ಅಗೆದಾಗ ಸಿಂಹದ ಕಟಾಂಜನದ ಮೇಲೆ ಬರಹ ಸಿಕ್ಕಿತು. ಅದರಲ್ಲಿ ಕನ್ನಡ ಇದೆ, ಕಾಲ ಸುಮಾರು 370 ಅಂದರು. ಎಲ್ಲ ವಿದ್ವಾಂಸರೂ ಒಪ್ಪಿಲ್ಲ, ಚರ್ಚೆ ನಡೆದಿದೆ.

ಅಂದರೆ ನಾನು ಮಗುವಿಗೆ ಹೇಳಿಕೊಟ್ಟದ್ದೇನು? ಒಂದು ಉತ್ತರ ಕಿತ್ತು ಇನ್ನೊಂದು ಉತ್ತರ ನೆಟ್ಟೆ, ಅಷ್ಟೇ. ಮೇಷ್ಟ್ರು ಮಾಡಿದ್ದೂ ಅದೇ, ನಾನು ಮಾಡಿದ್ದೂ ಅದೇ. "ಹೇಗೆ ಗೊತ್ತಾಯ್ತು?" ಅಂತ ಇಬ್ಬರೂ ಹೇಳಲಿಲ್ಲ. ಹೇಗೆ ಗೊತ್ತಾಯ್ತು ಅನ್ನೋದಿಲ್ಲದ ಜ್ಞಾನ ಸಾಮಾನ್ಯವೂ ಅಲ್ಲ, ಜ್ಞಾನವೂ ಅಲ್ಲ, ಬರೀ ಬಾಯಿಪಾಠ. "ನಮ್ಮ ತಾಳಗುಂದವೇ ಫಸ್ಟು!" ಅಂತ ವಾಟ್ಸಾಪಿನಲ್ಲಿ ಕೂಗೋ ನಮ್ಮ ಕಡೆಯ ಅಭಿಮಾನಿಗಳಿಗೂ ಇದೇ ಮಾತು.

ಭೂಗೋಳಕ್ಕೆ ಬನ್ನಿ. "ತುಂಗಭದ್ರೆಯ ಉಪನದಿ: ವರದಾ." ಒಂದು ಮಾರ್ಕು, ಮುಗೀತು. ಆದರೆ ಪಕ್ಕದ ಸಾಗರ ತಾಲ್ಲೂಕಿನ ಮಳೆ ನೋಡಿ. ಒಂದು ಪಾಲು ಶರಾವತಿ ಸೇರಿ ಜೋಗದಲ್ಲಿ ಧುಮುಕಿ ಹೊನ್ನಾವರದಲ್ಲಿ ಅರಬ್ಬಿ ಸಮುದ್ರಕ್ಕೆ ಹೋಗತ್ತೆ. ಇನ್ನೊಂದು ಪಾಲು ಅದೇ ತಾಲ್ಲೂಕಿನ ವರದಾಮೂಲದಿಂದ ಹೊರಟು, ಬನವಾಸಿ ಬಳಸಿ, ತುಂಗಭದ್ರೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ ಹೋಗತ್ತೆ. ನಮ್ಮ ಸೊರಬದ ದಂಡಾವತಿಯೂ ವರದೆಗೇ. ಸಮುದ್ರ ಪಶ್ಚಿಮಕ್ಕೆ ಇಷ್ಟು ಹತ್ತಿರ ಇದ್ದರೂ ನೀರು ಯಾಕೆ ಪೂರ್ವಕ್ಕೆ ತಿರುಗತ್ತೆ? ಈ ಒಂದು ಪ್ರಶ್ನೆ ಹಿಡಿದರೆ ಘಟ್ಟ, ಇಳಿಜಾರು, ಇಡೀ ದಖ್ಖನ್ ಪ್ರಸ್ಥಭೂಮಿ ಅರ್ಥವಾಗತ್ತೆ. ದೇಶದ ಭೂಗೋಳ ಶುರುವಾಗೋದು ನಮ್ಮನೆ ಸೂರಿನ ನೀರಿಂದ ಸ್ವಾಮೀ, ಅಟ್ಲಾಸಿನ ಮೊದಲ ಪುಟದಿಂದ ಅಲ್ಲ.

ಇತಿಹಾಸ? ರಜಿಯಾ ಸುಲ್ತಾನಾ, 1236, ದೆಹಲಿ. ನಮ್ಮ ಹುಡುಗಿ ಟಪಕ್ಕಂತ ಹೇಳ್ತಾಳೆ, ಸಂತೋಷ. ಆದರೆ ಅದಕ್ಕೂ ಮುನ್ನೂರು ವರ್ಷ ಹಿಂದೆ, 911ರ ಹೊತ್ತಿಗೆ, ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಕಾಲದಲ್ಲಿ ಇದೇ ಸೀಮೆಯ ನಾಗರಖಂಡ ಎಪ್ಪತ್ತನ್ನು ಜಕ್ಕಿಯಬ್ಬೆ ಅನ್ನೋ ಹೆಂಗಸು ನೋಡಿಕೊಳ್ತಿದ್ದಳು. ಗಂಡ ತೀರಿಕೊಂಡ ಮೇಲೆ ನಾಳ್ಗಾವುಂಡಿಕೆ ಇವಳಿಗೆ ಬಂತು. ಬಂದಳಿಕೆಯ ಶಾಸನದಲ್ಲಿ ಅವಳ ಕಥೆ ಇದೆ. ರಜಿಯಾ ಸುಲ್ತಾನಳಾಗಿದ್ದವಳು, ಇವಳು ಒಂದು ನಾಡಿನ ಅಧಿಕಾರಿ. ಎರಡೂ ಒಂದೇ ಅಂತ ನಾನು ಹೇಳ್ತಿಲ್ಲ. ಆದರೆ ಇಬ್ಬರನ್ನೂ ಪಕ್ಕಪಕ್ಕ ಇಟ್ಟಾಗ "ಹೆಣ್ಣಿಗೆ ಅಧಿಕಾರ ಯಾವಾಗ, ಯಾಕೆ ಸಿಗ್ತಿತ್ತು?" ಅನ್ನೋ ಪ್ರಶ್ನೆ ಏಳತ್ತಲ್ಲ, ಅದು ಇತಿಹಾಸ.

"ಪರೀಕ್ಷೆಗೆ ಒಂದು ಸಾಲಿನ ಉತ್ತರವೇ ಬೇಕು, ಕೆಪಿಎಸ್‌ಸಿಯಲ್ಲಿ ನಿಮ್ಮ ಪ್ರಶ್ನೆಗೆ ಯಾರು ಮಾರ್ಕು ಕೊಡ್ತಾರೆ?" ಅಂತ ಕೇಳಬಹುದು. ನಿಜ. ಹೊಟ್ಟೆಪಾಡು, ನಾನು ಬೇಡ ಅನ್ನಲ್ಲ. ಒಂದು ಸಾಲು ಕಲೀಲಿ. ಆದರೆ ಅದೇ ಕೊನೆಯ ಸಾಲು ಅಂತ ಕಲಿಸಬೇಡಿ. ಯಾಕಂದ್ರೆ ನಷ್ಟ ಬರೀ ಮಾರ್ಕಿನದಲ್ಲ. ನಮ್ಮ ಕಡೆ ಗದ್ದೆ ಬದಿಯಲ್ಲಿ, ಕೆರೆ ಏರಿ ಮೇಲೆ, ಹಾಳು ಗುಡಿ ಹಿಂದೆ ವೀರಗಲ್ಲು, ಮಾಸ್ತಿಕಲ್ಲು ಬಿದ್ದಿವೆ. ಬಿ.ಎಲ್. ರೈಸ್ ನೂರು ವರ್ಷದ ಹಿಂದೆಯೇ ಸೊರಬ, ಶಿಕಾರಿಪುರದ ಶಾಸನಗಳನ್ನು ಓದಿಸಿ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ. ಆ ಕಲ್ಲುಗಳ ಮುಂದೆ ದಿನಾ ಸೈಕಲ್ ಹೊಡೆಯೋ ಹುಡುಗರಿಗೆ ಅದು ಬರೀ ಕಲ್ಲು. ಹುಡುಕಿಕೊಂಡು ಬರೋರು ನಿಧಿಗಳ್ಳರು ಮಾತ್ರ, ಗುದ್ದಲಿ ಹಿಡ್ಕೊಂಡು! ಪ್ರಶ್ನೆ ಕೇಳೋ ಒಬ್ಬ ಹುಡುಗಿ ಊರಲ್ಲಿದ್ದರೆ ಒಂದು ಕಲ್ಲಾದರೂ ಉಳಿಯತ್ತೆ.

ಬ್ಲಾಗಿಗ ಮಿತ್ರರೇ, ನಿಮ್ಮಲ್ಲೊಂದು ವಿನಂತಿ. ನಿಮ್ಮೂರಿನ ಹಳ್ಳ, ಕಲ್ಲು, ಗುಡಿ ಬಗ್ಗೆ ಬರೀರಿ. ಬರೀ ಫೋಟೋ ಹಾಕಿ "ಅತಿ ಪ್ರಾಚೀನ" ಅನ್ನಬೇಡಿ. ಅದು ಪ್ರಾಚೀನ ಅಂತ ಹೇಗೆ ಗೊತ್ತಾಯ್ತು, ಅದನ್ನೂ ಬರೀರಿ.

ಹೊರಡುವಾಗ ಮಗಳು ಕೇಳಿದಳು, "ಹಾಗಾದ್ರೆ ವಾರ್ಷಿಕ ಪರೀಕ್ಷೇಲಿ ಏನು ಬರೀಲಿ ಚಿಕ್ಕಪ್ಪಾ?"

"ಹಲ್ಮಿಡಿ ಅಂತ್ಲೇ ಬರಿ" ಅಂದೆ. ಅನ್ನುವಾಗ ನಾಚಿಕೆಯಾಯ್ತು.

ಅವಳು ಬಿಡಲಿಲ್ಲ. "ಸುಮಾರು 450 ಅಂತ ಬರೀತೀನಿ. ಸುಮಾರಿಗೆ ಮಾರ್ಕು ಕಟ್ ಮಾಡಲ್ಲ ಅಲ್ವಾ?"

ನನಗೆ ಗೊತ್ತಿಲ್ಲ. ನೀವೇನಂತೀರಿ?