ನೆರೆಯವಳೇ ಆರೋಗ್ಯಬೋಧಕಿ

ಅಮೆರಿಕದಲ್ಲಿ ಮೆಕ್ಸಿಕೋ ಮೂಲದ ವಲಸೆಗಾರರು ನೆಲೆಸಿರುವ ಬಡಾವಣೆಗಳಲ್ಲಿ ‘ಪ್ರೊಮೊತೋರಾ’ ಎಂಬ ಸ್ವಯಂಸೇವಕಿಯರು ಮನೆಮನೆಗೂ ಹೋಗಿ ಆರೋಗ್ಯಬೋಧನೆ ಮಾಡುವರು. ಇವರಿಗೆ ಜನರ ಭಾಷೆ ಬಂದರೆ ಸಾಕೆಂಬ ಅಭಿಪ್ರಾಯವುಂಟು, ಅದು ಸಾಲದು.

ಅಲ್ಲಿನ ಮಧುಮೇಹಿಗಳಲ್ಲಿ ಹಲವರಿಗೆ, ಇನ್ಸುಲಿನ್ ಚುಚ್ಚಿಸಿಕೊಂಡರೆ ಕುರುಡಾಗುವೆವೆಂಬ ಭಯವಿದೆ. ಭಯವು ತಪ್ಪಾದರೂ ಅದಕ್ಕೊಂದು ಕಾರಣವುಂಟು. ಬಹುಕಾಲ ಹತೋಟಿ ಮೀರಿದ ರಕ್ತದ ಸಕ್ಕರೆಯು ಅಕ್ಷಿಪಟದ ಸೂಕ್ಷ್ಮ ರಕ್ತನಾಳಗಳನ್ನು ಕೆಡಿಸುತ್ತದೆ. ಅನೇಕ ವೇಳೆ ಇನ್ಸುಲಿನ್ ಆರಂಭವಾಗುವುದು ಈ ಹಾನಿ ನಡೆದ ಮೇಲೆ. ಹೀಗಾಗಿ ರೋಗದ ಅಪರಾಧ ಮದ್ದಿನ ತಲೆಗೆ ಬರುತ್ತದೆ.

ಅಚ್ಚಾದ ಕರಪತ್ರವು ಈ ಭಯವನ್ನು ಕೇಳಲಾರದು; ನೆರೆಯವಳು ಕೇಳಬಲ್ಲಳು. ಆದರೆ ಕಾರಣವನ್ನರಿಯದಿದ್ದರೆ ಅವಳೂ ಅದೇ ಭಯವನ್ನು ಹರಡಿಯಾಳು. ಆದುದರಿಂದ ತರಬೇತಿಯಲ್ಲಿ ಸೂಚನೆಗಳ ಕಂಠಪಾಠಕ್ಕಿಂತ ಕೇಳುವ ತಾಳ್ಮೆಗೂ, ರೋಗಕಾರಣದ ಜ್ಞಾನಕ್ಕೂ, ವೈದ್ಯರ ಬಳಿಗೆ ಯಾವಾಗ ಕಳುಹಿಸಬೇಕೆಂಬ ವಿವೇಕಕ್ಕೂ ಹೆಚ್ಚಿನ ಸ್ಥಾನ ದೊರೆಯತಕ್ಕದ್ದು.